ಜಿರಳೆ ವೀರನೂ ಸೋತವರ ಚರಿತ್ರೆಯೂ

2015 ಸಿಂಗಪುರ ಸ್ವತಂತ್ರವಾದ ಐವತ್ತನೆಯ ವರ್ಷ. ಆ ವರ್ಷದ ಮಾರ್ಚ್ 23ರಂದು ಲೀ ಕ್ವಾನ್ ಯೂ ತೀರಿಕೊಂಡರು. ಪಾರ್ಲಿಮೆಂಟ್ ಭವನದ ಮುಂದೆ ಅಂತಿಮ ದರ್ಶನಕ್ಕಾಗಿ ಜನ ಹಗಲು ರಾತ್ರಿ ಸಾಲು ನಿಂತರು. ಇದಾಗಿ ಎರಡು ತಿಂಗಳಿಗೆ, ಮೇ ಕೊನೆಯಲ್ಲಿ, ಇಲ್ಲಿನ ಎಪಿಗ್ರಾಮ್ ಬುಕ್ಸ್ ಪ್ರಕಾಶನ ಒಂದು ಚಿತ್ರಕಥೆಯ ಪುಸ್ತಕವನ್ನು ಹೊರತಂದಿತು. ಹೆಸರು ‘ದಿ ಆರ್ಟ್ ಆಫ್ ಚಾರ್ಲಿ ಚಾನ್ ಹಾಕ್ ಚೈ’, ಬರೆದು ಚಿತ್ರಿಸಿದವರು ಸಾನಿ ಲ್ಯೂ. ಬಿಡುಗಡೆಯ ಮುನ್ನಾದಿನಗಳಲ್ಲೇ ರಾಷ್ಟ್ರೀಯ ಕಲಾ ಮಂಡಳಿ ತಾನು ಈ ಪುಸ್ತಕಕ್ಕೆ ಮಂಜೂರು ಮಾಡಿದ್ದ 8,000 ಡಾಲರ್ ಅನುದಾನವನ್ನು ಹಿಂತೆಗೆದುಕೊಂಡಿತು. ಪುಸ್ತಕದ ವಿಷಯ ಸರಕಾರದ ಮತ್ತು ಸಾರ್ವಜನಿಕ ಸಂಸ್ಥೆಗಳ ಅಧಿಕಾರಕ್ಕೆ ಕುಂದು ತರಬಹುದು ಎಂಬುದು ಮಂಡಳಿ ಕೊಟ್ಟ ಕಾರಣ. ಪ್ರಕಾಶಕರು ಆಗಲೇ ಕೈಸೇರಿದ್ದ ಹಣವನ್ನು ಮರಳಿಸಿದರು, ಅಚ್ಚಾಗಿದ್ದ ಪ್ರತಿಗಳಲ್ಲಿ ಮಂಡಳಿಯ ಲಾಂಛನದ ಮೇಲೆ ಚೀಟಿ ಅಂಟಿಸಿದರು, ಪುಸ್ತಕವನ್ನು ಮಾರಾಟಕ್ಕೆ ಇಟ್ಟರು. ಮುಂದೆ ಏನಾಗುತ್ತದೆ ಎಂದು ಊಹಿಸಲು ಜ್ಯೋತಿಷಿ ಬೇಕಾಗಿಲ್ಲ. ಬೇಡ ಎಂದದ್ದನ್ನೇ ಜನ ಹುಡುಕಿಕೊಂಡು ಹೋದರು, ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. 2016ರಲ್ಲಿ ಅದಕ್ಕೆ ಇಂಗ್ಲಿಷ್ ಕಥಾಸಾಹಿತ್ಯ ವಿಭಾಗದಲ್ಲಿ ಸಿಂಗಪುರ ಸಾಹಿತ್ಯ ಪ್ರಶಸ್ತಿ ಬಂತು. ಚಿತ್ರಕಥೆಯೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. 2017ರಲ್ಲಿ ಅಮೆರಿಕದ ಐಸ್ನರ್ ಪ್ರಶಸ್ತಿಗಳು ಒಂದಲ್ಲ, ಮೂರು ಬಂದವು. ಕಾಮಿಕ್ಸ್ ಲೋಕದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ನಮ್ಮ ಸಂಘದ ಸಂಚಿಕೆಯಲ್ಲಿ ಇದರ ಮಾತೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಹೆಚ್ಚಿನವರಿಗೆ ಸಿಂಗಪುರದ ಚರಿತ್ರೆ ಆರಂಭವಾಗುವುದು ನಾವು ಚಾಂಗಿಯಲ್ಲಿ ಇಳಿದ ದಿನದಿಂದ. ಅದಕ್ಕೆ ಹಿಂದಿನದು ರಾಫಲ್ಸ್, ಜಪಾನೀಯರು, ಲೀ ಎಂಬ ಮೂರು ಹೆಜ್ಜೆಗಳಲ್ಲಿ ಮುಗಿದುಹೋಗುತ್ತದೆ. ಆದರೆ ನಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ ಈ ಚರಿತ್ರೆಯನ್ನು ಓದಿ ಪರೀಕ್ಷೆ ಬರೆಯುತ್ತಾರೆ, ಹದಿನೆಂಟು ತುಂಬಿದ ಹುಡುಗರು ರಾಷ್ಟ್ರೀಯ ಸೇವೆಗೆ ಹೋಗುತ್ತಾರೆ. ಊರಿನ ಚರಿತ್ರೆ ಮಕ್ಕಳಿಗೆ ಗೊತ್ತಿದ್ದು ಹಿರಿಯರಿಗೆ ಗೊತ್ತಿಲ್ಲದ ವಿಚಿತ್ರ ಮನೆಗಳು ನಮ್ಮವು. ಆ ಕೊರತೆಯನ್ನು ತುಂಬಿಕೊಳ್ಳಲು ನನಗೆ ಕಂಡ ಅತ್ಯಂತ ರುಚಿಕಟ್ಟಾದ ದಾರಿ ಈ ಪುಸ್ತಕ. ರುಚಿಗೆ ಕಾರಣ, ಇದರಲ್ಲಿ ಪವಾಡಪುರುಷರಿದ್ದಾರೆ, ಯಂತ್ರಮಾನವನಿದ್ದಾನೆ, ಅನ್ಯಗ್ರಹದವರಿದ್ದಾರೆ, ಕೊನೆಗೆ ಕಾಲವನ್ನೇ ಬೇರೆ ಹಾದಿಗೆ ತಿರುಗಿಸುವ ಕಥೆಯೂ ಇದೆ.

ಪುಸ್ತಕದ ಮೂಲ ಉಪಾಯ ಸರಳ. ಚಾರ್ಲಿ ಚಾನ್ ಹಾಕ್ ಚೈ ಎಂಬಾತ 1938ರಲ್ಲಿ ಹುಟ್ಟಿದ, ಸಿಂಗಪುರದ ಅತಿ ದೊಡ್ಡ ಕಾಮಿಕ್ಸ್ ಕಲಾವಿದ. ಈಗ ಎಪ್ಪತ್ತು ದಾಟಿದ ಮುದುಕ. ಅವನ ಹೆಸರನ್ನು ಯಾರೂ ಕೇಳಿಲ್ಲ. ಈ ಪುಸ್ತಕ ಅವನ ಜೀವನಕಥೆ ಮತ್ತು ಅವನ ಕೃತಿಗಳ ಸಂಗ್ರಹ. ಅವನ ಹೆಸರನ್ನು ಯಾರೂ ಕೇಳದಿರುವುದಕ್ಕೆ ಕಾರಣ ಅಂಥವನೊಬ್ಬ ಇರಲೇ ಇಲ್ಲ. ಸಾನಿ ಲ್ಯೂ ಅವನನ್ನು ಕಟ್ಟಿದರು, ಅವನು ಬರೆದನೆನ್ನಲಾದ ಹತ್ತಾರು ಕಾಮಿಕ್ಸ್‌ಗಳನ್ನೂ ತಾವೇ ಚಿತ್ರಿಸಿದರು. ಬಾಲ್ಯದ ಪೆನ್ಸಿಲ್ ಗೀಚು, ಹಳದಿಗಟ್ಟಿದ ಅಗ್ಗದ ಕಾಗದ, ಮಾಸಿದ ಅಚ್ಚಿನ ಬಣ್ಣ, ಮೂಲೆ ಹರಿದ ಮುಖಪುಟ, ತೈಲವರ್ಣದ ಭಾವಚಿತ್ರ, ಹೀಗೆ ಪ್ರತಿಯೊಂದಕ್ಕೂ ಅದರದರ ವಯಸ್ಸನ್ನು ಬಳಿದಿದ್ದಾರೆ. ಐವತ್ತರ ದಶಕದ ಕಥೆ ಐವತ್ತರ ದಶಕದ ಕೈಯಿಂದಲೇ ಬಂದಂತಿದೆ.

ಕೈ ಎಂಬುದು ಇಲ್ಲಿ ಮುಖ್ಯ. ಹುಡುಗ ಚಾನ್ ಮೊದಲು ಜಪಾನಿನ ಒಸಾಮು ತೆಜುಕನಂತೆ ಬರೆಯಲು ನೋಡುತ್ತಾನೆ. ಬ್ರಿಟಿಷರ ‘ಈಗಲ್’ ಪತ್ರಿಕೆಯ ‘ಡ್ಯಾನ್ ಡೇರ್’ ಕಣ್ಣಿಗೆ ಬಿದ್ದಾಗ ಗೆರೆ ಬದಲಾಗುತ್ತದೆ. ಮುಂದೆ ಅಮೆರಿಕದ ವಾಲ್ಟ್ ಕೆಲ್ಲಿಯ ಪ್ರಾಣಿಲೋಕ ‘ಪೋಗೋ’ ಬರುತ್ತದೆ. ಕಲಾವಿದ ಬೆಳೆದಂತೆ ಗೆರೆ ಬೆಳೆಯುತ್ತದೆ, ಗೆರೆಯ ಹಿಂದೆ ದೇಶ ಬೆಳೆಯುತ್ತದೆ. ಒಬ್ಬನೇ ಮನುಷ್ಯ ಇಷ್ಟು ಕೈಗಳಿಂದ ಬರೆಯಬಲ್ಲನೆಂದರೆ ನಂಬುವುದು ಕಷ್ಟ. ಲ್ಯೂ ಅಷ್ಟು ಹೊತ್ತಿಗೆ ಪವಾಡಪುರುಷರ ಪ್ರಪಂಚದಲ್ಲಿ ಪಳಗಿದ್ದರು ಎನ್ನುವುದನ್ನೂ ನೆನೆಯಬೇಕು. 1944ರಲ್ಲಿ ಚು ಹಿಂಗ್ ಎಂಬ ಚೀನೀ ಅಮೆರಿಕನ್ ಕಲಾವಿದ ಸೃಷ್ಟಿಸಿ ಮರೆತುಹೋಗಿದ್ದ ‘ಗ್ರೀನ್ ಟರ್ಟಲ್’ ಎಂಬ ವೀರನನ್ನು ಲೇಖಕ ಜೀನ್ ಲುಯೆನ್ ಯಾಂಗ್ ಜೊತೆ ಸೇರಿ 2014ರ ‘ದಿ ಶ್ಯಾಡೋ ಹೀರೋ’ದಲ್ಲಿ ಮತ್ತೆ ಎಬ್ಬಿಸಿದವರು ಅವರೇ. ಚಾರ್ಲಿ ಚಾನ್ ಪ್ರಕಟವಾದ ವರ್ಷವೇ ಡಿಸಿ ಕಾಮಿಕ್ಸ್‌ನ ‘ಡಾಕ್ಟರ್ ಫೇಟ್’ ಸರಣಿಗೂ ಚಿತ್ರ ಬರೆಯತೊಡಗಿದರು.

ಚಿತ್ರಕಥೆಯ ಮೂಲಕ ಚರಿತ್ರೆ ಕಲಿಯುವುದು ನಮಗೇನೂ ಹೊಸದಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ‘ಅಮರ ಚಿತ್ರ ಕಥೆ’ ಓದದ ತಲೆಮಾರು ನಮ್ಮಲ್ಲಿ ಇಲ್ಲ. ಆ ಸರಣಿಯ ಬೇರು ಬೆಂಗಳೂರಿನಲ್ಲಿದೆ, ಕನ್ನಡದಲ್ಲಿದೆ ಎಂಬುದು ಕೆಲವರಿಗೆ ಹೊಸ ಸಂಗತಿಯಾಗಿರಬಹುದು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲೇ ಬಂದವು. ಅವು ಪಶ್ಚಿಮದ ಕಿನ್ನರ ಕಥೆಗಳು. ಹಾಗಾಗಿಯೇ ಇಂಗ್ಲಿಷಿನ ‘ಕೃಷ್ಣ’ನಿಗೆ ಸಿಕ್ಕ ಸಂಖ್ಯೆ 11. ಆದರೆ ಅಮರ ಚಿತ್ರ ಕಥೆಯಲ್ಲಿ ಚರಿತ್ರೆ ಒಂದೇ ದನಿಯಲ್ಲಿ ಮಾತಾಡುತ್ತದೆ. ರಾಣಾ ಪ್ರತಾಪನಾಗಲಿ ಶಿವಾಜಿಯಾಗಲಿ ಮೊದಲ ಪುಟದಿಂದಲೇ ವೀರ. ಎದುರಾಳಿಯ ಮುಖ ನೋಡಿದರೇ ಅವನ ಗುಣ ತಿಳಿಯುತ್ತದೆ. ಲ್ಯೂ ಮಾಡುವುದು ಇದರ ತದ್ವಿರುದ್ಧ. ಇಲ್ಲಿ ಪ್ರತಿ ಶೈಲಿಯೂ ಒಂದೊಂದು ದನಿ, ಯಾವ ದನಿಯನ್ನೂ ಓದುಗ ಕಣ್ಣು ಮುಚ್ಚಿ ನಂಬುವಂತಿಲ್ಲ, ಏಕೆಂದರೆ ಚಿತ್ರ ಬರೆದವನೇ ಸುಳ್ಳು.

ಪುಸ್ತಕದ ವೀರರಲ್ಲಿ ನನ್ನ ಮೆಚ್ಚಿನವನು ‘ರೋಚ್‌ಮ್ಯಾನ್’, ಜಿರಳೆ ಮನುಷ್ಯ. ಹಗಲಲ್ಲಿ, ಅಥವಾ ಬೆಳಕು ಹರಿಯುವ ಮುನ್ನ, ಅವನು ಮಲದ ಬಕೆಟ್ ಹೊರುವ ಕೂಲಿ. ಜಿರಳೆ ಕಚ್ಚಿ ಅವನಿಗೆ ಶಕ್ತಿ ಬರುತ್ತದೆ. ಜೇಡ ಕಚ್ಚಿದ ಸ್ಪೈಡರ್ ಮ್ಯಾನ್ ನೆನಪಾಗಿ ನಗು ಬರುವುದು ಸಹಜ, ಲ್ಯೂ ಅದನ್ನೇ ಬಯಸುತ್ತಾರೆ. ಆದರೆ ನಗು ಮುಗಿದ ಮೇಲೆ ಬಕೆಟ್ ಉಳಿಯುತ್ತದೆ. ಇಂದು ಕನ್ನಡಿಯಂತೆ ಹೊಳೆಯುವ ಈ ನಗರದಲ್ಲಿ ಮನೆಮನೆಯ ಹಿತ್ತಿಲಿಂದ ಮಲದ ಬಕೆಟ್ ಎತ್ತುವ ಪದ್ಧತಿ ಪೂರ್ತಿ ನಿಂತದ್ದು 1987ರಲ್ಲಿ. ನಮ್ಮಲ್ಲಿ ಹಲವರು ಆಗ ಊರಲ್ಲಿ ಹೈಸ್ಕೂಲಿನಲ್ಲಿದ್ದೆವು.

ಇಲ್ಲಿ ಕನ್ನಡ ಓದುಗನ ಮನಸ್ಸು ತಾನಾಗಿಯೇ ಬಿ. ಬಸವಲಿಂಗಪ್ಪನವರ ಕಡೆ ಹೋಗುತ್ತದೆ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಅವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 1973ರಲ್ಲಿ ಅದೇ ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದಾಗ ಊರೂರಲ್ಲಿ ಗಲಭೆಯೆದ್ದು ಮಂತ್ರಿಗಿರಿಯನ್ನೇ ಬಿಡಬೇಕಾಯಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಎಂದು ನನಗನ್ನಿಸುತ್ತದೆ. ಬಕೆಟ್ ಹೊತ್ತವನು ಪುಸ್ತಕದೊಳಗೆ ಎಲ್ಲಿದ್ದಾನೆ ಎಂಬುದೇ ಅವರ ಮಾತಿನ ಹಿಂದಿದ್ದ ಪ್ರಶ್ನೆ. ನಿಷೇಧದಿಂದ ಎಲ್ಲ ಮುಗಿಯಲಿಲ್ಲ. 2010ರಲ್ಲಿ ಸವಣೂರಿನಲ್ಲಿ ಅದೇ ಕೆಲಸದ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಸಿಂಗಪುರದ ಚಿತ್ರಕಾರನೊಬ್ಬ ತನ್ನ ಊರಿನ ಪವಾಡಪುರುಷನನ್ನು ಹುಡುಕಹೊರಟಾಗ ಸೈನಿಕನನ್ನೋ ವಿಜ್ಞಾನಿಯನ್ನೋ ಆರಿಸದೆ ಈ ಕೂಲಿಯನ್ನು ಆರಿಸಿದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ಕಥೆ ‘ಆ ಹುವಾಟ್ಸ್ ಜೈಂಟ್ ರೋಬೋಟ್’. ಹುಡುಗನೊಬ್ಬನಿಗೆ ದೈತ್ಯ ಯಂತ್ರಮಾನವ ಸಿಗುತ್ತಾನೆ, ಆದರೆ ಆ ಯಂತ್ರಕ್ಕೆ ಅರ್ಥವಾಗುವುದು ಚೀನೀ ಭಾಷೆಯ ಆಜ್ಞೆ ಮಾತ್ರ. ಕಥೆಯ ಹಿನ್ನೆಲೆ 1954ರ ಮೇ 13ರಂದು ಕಡ್ಡಾಯ ಸೇನಾಸೇವೆಯ ಕಾನೂನಿನ ವಿರುದ್ಧ ಬೀದಿಗಿಳಿದ ಚೀನೀ ಮಾಧ್ಯಮದ ವಿದ್ಯಾರ್ಥಿಗಳು ಮತ್ತು ಮರುವರ್ಷದ ಹಾಕ್ ಲೀ ಬಸ್ ಕಂಪನಿಯ ಮುಷ್ಕರ. ಇಂಗ್ಲಿಷ್ ಕಲಿತವರ ಕೈಯಲ್ಲಿ ಆಡಳಿತ, ಚೀನೀ ಕಲಿತವರ ಬೆನ್ನಿಗೆ ಜನಸಂಖ್ಯೆ. ಯಂತ್ರದ ಬಲ ಯಾರ ಮಾತಿಗೆ ಎಚ್ಚರಗೊಳ್ಳುತ್ತದೆ ಎನ್ನುವ ಒಂದೇ ಕಲ್ಪನೆಯಲ್ಲಿ ಆ ದಶಕದ ರಾಜಕೀಯವೆಲ್ಲ ಬಂದುಬಿಟ್ಟಿದೆ. ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುವ ಮಕ್ಕಳಿರುವ ನಮ್ಮ ಮನೆಗಳಲ್ಲಿ ಈ ಯಂತ್ರಮಾನವನ ಬಗ್ಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಈಗ ನಿಜವಾದ ಪಾತ್ರವರ್ಗಕ್ಕೆ ಬರೋಣ. ಪುಸ್ತಕದ ಎಲ್ಲ ವೇಷಗಳ ಹಿಂದೆ ಇಬ್ಬರಿದ್ದಾರೆ, ಲೀ ಕ್ವಾನ್ ಯೂ ಮತ್ತು ಲಿಮ್ ಚಿನ್ ಸಿಯಾಂಗ್. ‘ಇನ್‌ವೇಷನ್’ ಎಂಬ ಕಥೆಯಲ್ಲಿ ಅನ್ಯಗ್ರಹದವರ ಆಳ್ವಿಕೆಯ ವಿರುದ್ಧ ನಿಲ್ಲುವವರು ಅವರ ಛಾಯೆಗಳೇ. ‘ಸಿಂಕಾಪೋರ್ ಇಂಕ್ಸ್’ ಎಂಬ ಕಥೆಯಲ್ಲಿ ದೇಶವೇ ಒಂದು ಸ್ಟೇಷನರಿ ಕಂಪನಿ. ಅದರ ಯಜಮಾನನ ಹೆಸರು ಲೀಯವರ ಎಳೆಯ ವಯಸ್ಸಿನ ಹೆಸರಾದ ‘ಹ್ಯಾರಿ’ಯ ಮೇಲಿನ ಚೇಷ್ಟೆ.

ಲಿಮ್ ಯಾರೆಂದು ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. 1933ರಲ್ಲಿ ಹುಟ್ಟಿದ ಲಿಮ್, ಕಾರ್ಮಿಕ ಸಂಘಗಳ ನಾಯಕ. ಹೊಕ್ಕಿಯನ್ ಭಾಷೆಯಲ್ಲಿ ಅವರು ಭಾಷಣಕ್ಕೆ ನಿಂತರೆ ಸಾವಿರಾರು ಜನ ಕಿವಿಗೊಡುತ್ತಿದ್ದರು. 1954ರಲ್ಲಿ ಪೀಪಲ್ಸ್ ಆಕ್ಷನ್ ಪಾರ್ಟಿ ಹುಟ್ಟಿದಾಗ ಅವರೂ ಲೀಯವರ ಜೊತೆಗಿದ್ದರು, 1955ರಲ್ಲಿ ಇಬ್ಬರೂ ಶಾಸನಸಭೆಗೆ ಗೆದ್ದು ಬಂದರು. 1956ರ ಅಕ್ಟೋಬರ್‌ನಲ್ಲಿ ಲಿಮ್ ಬಂಧನವಾಯಿತು. ಪೊಲೀಸರನ್ನು ಹೊಡೆಯಿರಿ ಎಂದು ಸಭೆಯಲ್ಲಿ ಕರೆಕೊಟ್ಟರು ಎಂಬುದು ಅವರ ಮೇಲೆ ಬಂದ ಆಪಾದನೆ. ಬಹಳ ವರ್ಷಗಳ ನಂತರ ಇತಿಹಾಸಕಾರ ಥಮ್ ಪಿಂಗ್ ಜಿನ್ ಬ್ರಿಟನ್ನಿನ ಪತ್ರಾಗಾರದಲ್ಲಿದ್ದ ಗುಪ್ತಚರ ದಾಖಲೆಯನ್ನು ಓದಿ, ಅವರು ಹೇಳಿದ್ದು ಪೊಲೀಸರನ್ನು ಹೊಡೆಯಬೇಡಿ ಎಂದು, ಎಂದು ವಾದಿಸಿದರು. ಒಂದು ‘ಬೇಡ’ದ ಮೇಲೆ ಒಬ್ಬ ಮನುಷ್ಯನ ಚರಿತ್ರೆ ನಿಂತಿದೆ.

1959ರಲ್ಲಿ ಬಿಡುಗಡೆ. 1961ರಲ್ಲಿ ಪಕ್ಷ ಒಡೆದು ಲಿಮ್ ಮತ್ತು ಗೆಳೆಯರು ಬಾರಿಸಾನ್ ಸೋಸಿಯಾಲಿಸ್ ಕಟ್ಟಿದರು. 1963ರ ಫೆಬ್ರವರಿ 2ರ ಬೆಳಗಿನ ಜಾವ ‘ಆಪರೇಷನ್ ಕೋಲ್ಡ್‌ಸ್ಟೋರ್’ ಎಂಬ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಜನರನ್ನು ವಿಚಾರಣೆಯಿಲ್ಲದೆ ಬಂಧಿಸಲಾಯಿತು. ಅವರಲ್ಲಿ ಲಿಮ್ ಒಬ್ಬರು. ಅದೇ ಸೆಪ್ಟೆಂಬರ್ ಚುನಾವಣೆಯಲ್ಲಿ 51 ಸ್ಥಾನಗಳಲ್ಲಿ ಲೀಯವರ ಪಕ್ಷ 37 ಗೆದ್ದಿತು, ಬಾರಿಸಾನ್ 13. ಲಿಮ್ 1969ರಲ್ಲಿ ಹೊರಬಂದು ರಾಜಕೀಯ ಬಿಟ್ಟು ಲಂಡನ್ನಿಗೆ ಹೋದರು, 1979ರಲ್ಲಿ ಮರಳಿದರು, 1996ರ ಫೆಬ್ರವರಿಯಲ್ಲಿ ತೀರಿಕೊಂಡರು. ಈ ಬಂಧನಗಳು ಕಮ್ಯುನಿಸ್ಟ್ ಸಂಚನ್ನು ತಡೆಯಲು ಅನಿವಾರ್ಯವಾಗಿದ್ದವು ಎಂಬುದು ಸರಕಾರದ ನಿಲುವು. ಅವು ಚುನಾವಣೆಗೆ ಮುನ್ನ ಎದುರಾಳಿಯನ್ನು ಬದಿಗೆ ಸರಿಸಿದ ರಾಜಕೀಯ ಎಂಬುದು ಇತ್ತೀಚಿನ ಕೆಲವು ಇತಿಹಾಸಕಾರರ ನಿಲುವು. ಮಲಯಾ ಕಾಡಿನಲ್ಲಿ ಕಮ್ಯುನಿಸ್ಟರ ಸಶಸ್ತ್ರ ಹೋರಾಟ ನಡೆದಿತ್ತು ಎಂಬುದನ್ನು ಮರೆತು ಈ ಜಗಳವನ್ನು ತೀರ್ಮಾನಿಸಲಾಗದು. ವಿಚಾರಣೆಯೇ ನಡೆಯಲಿಲ್ಲ ಎಂಬುದನ್ನು ಮರೆತೂ ತೀರ್ಮಾನಿಸಲಾಗದು.

ಪುಸ್ತಕದ ಕೊನೆಯ ಭಾಗದ ‘ಡೇಸ್ ಆಫ್ ಆಗಸ್ಟ್’ ಬರುವುದು ಇಷ್ಟೆಲ್ಲದರ ನಂತರ. ಕಾಲದ ಹಳಿ ಬದಲಾಗಿದೆ. ಗೆದ್ದದ್ದು ಬಾರಿಸಾನ್, ಲಿಮ್ ಪ್ರಧಾನಿ, ಚಾರ್ಲಿ ಚಾನ್ ಎಲ್ಲರೂ ಬಲ್ಲ ಕಲಾವಿದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ, ಜಪಾನ್ ಗೆದ್ದಿದ್ದರೆ ಎಂದು ಕಲ್ಪಿಸಿದ ಫಿಲಿಪ್ ಕೆ. ಡಿಕ್‌ನ 1962ರ ಕಾದಂಬರಿ ಇದರ ಹಿಂದಿದೆ. ಸಾಮಾನ್ಯವಾಗಿ ಪವಾಡಪುರುಷರ ಕಥೆಯಲ್ಲಿ ಕಾಲಯಾನ ನಡೆಯುವುದು ತಪ್ಪನ್ನು ಸರಿಪಡಿಸಲು. ಹಿಂದಕ್ಕೆ ಹೋಗಿ ಒಂದು ಗುಂಡು ತಪ್ಪಿಸಿದರೆ ಮುಂದಿನದೆಲ್ಲ ಸುಖ. ಲ್ಯೂ ಆ ಸುಖವನ್ನು ಕೊಡುವುದಿಲ್ಲ. ಆ ಲೋಕ ಉಳಿಯುವುದಿಲ್ಲ, ಪುಸ್ತಕ ಮತ್ತೆ ನಮ್ಮ ಕಾಲಕ್ಕೆ, ಯಾರೂ ಗುರುತಿಸದ ಮುದುಕನ ಕೋಣೆಗೆ ಬರುತ್ತದೆ. ಲಿಮ್ ಆಳಿದ್ದರೆ ದೇಶ ಚೆನ್ನಾಗಿರುತ್ತಿತ್ತು ಎಂದು ಅವರು ಎಲ್ಲಿಯೂ ವಾದಿಸುವುದಿಲ್ಲ. ಹಾಗಾದರೆ ಈ ಕಾಲಯಾನ ಏಕೆ? ಆದದ್ದೇ ಆಗಬೇಕಿತ್ತು, ಬೇರೆ ದಾರಿಯೇ ಇರಲಿಲ್ಲ ಎಂಬ ಭಾವನೆಯನ್ನು ಸಡಿಲಿಸಲು, ಎಂದು ನಾನು ಓದಿಕೊಂಡಿದ್ದೇನೆ. ದಾರಿ ಎರಡಿದ್ದವು ಎಂದು ಕಂಡಾಗಲೇ ಹಿಡಿದ ದಾರಿಗೆ ಕೊಟ್ಟ ಬೆಲೆ ಎಷ್ಟು ಎಂದು ಎಣಿಸಬಹುದು.

ಇಲ್ಲಿ ಪಂಪ ನೆನಪಾಗದಿರಲು ಸಾಧ್ಯವಿಲ್ಲ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಮೇಲೆ ಆರೋಪಿಸಿ ಎರಡು ಕಾಲಗಳನ್ನು ಒಂದೇ ಕಥೆಯಲ್ಲಿ ನಡೆಸಿದ. ಅದಕ್ಕಾಗಿ ಭಾರತವನ್ನೇ ತಿದ್ದಿದ. ಅವನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ; ಯುದ್ಧ ಮುಗಿದ ಮೇಲೆ ಪಟ್ಟ ಧರ್ಮರಾಯನಿಗಲ್ಲ, ಸುಭದ್ರೆಯೊಡನೆ ಅರ್ಜುನನಿಗೆ. ಸಾವಿರ ವರ್ಷದ ಹಿಂದಿನ ಕನ್ನಡದ ಬದಲಿ ಚರಿತ್ರೆ ಎಂದು ಇದನ್ನು ಕರೆದರೆ ಪಂಡಿತರು ಸಿಟ್ಟಾಗಲಾರರು ಎಂದುಕೊಂಡಿದ್ದೇನೆ. ವ್ಯತ್ಯಾಸ ಒಂದೇ. ಪಂಪ ಕಥೆ ತಿದ್ದಿದ್ದು ಗೆದ್ದ ಅರಸನಿಗಾಗಿ, ಲ್ಯೂ ತಿದ್ದಿದ್ದು ಸೋತವನಿಗಾಗಿ. ಆದರೂ ಪಂಪನ ಮನಸ್ಸು ಎಲ್ಲಿತ್ತು ಎಂದು ಓದಿದವರಿಗೆ ಗೊತ್ತು. ದೊರೆಯನ್ನು ಅರ್ಜುನನಾಗಿಸಿದ ಕವಿ ಪ್ರೀತಿ ಸುರಿದದ್ದು ಕರ್ಣನ ಮೇಲೆ. ಲ್ಯೂ ಅವರ ಪುಸ್ತಕದಲ್ಲಿ ಕರ್ಣನ ಜಾಗ ಲಿಮ್ ಅವರದು.

ಹಾಗಾಗಿದ್ದರೆ ಎಂಬ ಮಾತು ಬರೀ ಕವಿಗಳದೂ ಅಲ್ಲ. ಕಾಸರಗೋಡಿನ ಕಡೆಯವರು ನಮ್ಮ ಸಂಘಗಳಲ್ಲಿ ಯಾವಾಗಲೂ ಇರುತ್ತಾರೆ. 1956ರ ನವೆಂಬರ್ 1ರಂದು ತಮ್ಮ ನೆಲ ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು ವರದಿ ಕೊಟ್ಟದ್ದು, ಅದು ಜಾರಿಯಾಗದೆ ಉಳಿದದ್ದು, ಇವು ಅವರ ಮನೆಮಾತು. ನಡೆಯದ ಚರಿತ್ರೆಯೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಡೆದ ಚರಿತ್ರೆಯಲ್ಲಿ ಬದುಕುವುದು ಹೇಗೆಂದು ಅವರನ್ನು ಕೇಳಬೇಕು.

ಪುಸ್ತಕಕ್ಕೆ ಮಿತಿಗಳಿಲ್ಲದೆ ಇಲ್ಲ. ಅದರ ಕಣ್ಣು ಹೆಚ್ಚಾಗಿ ಚೀನೀ ಸಮಾಜದ ಮೇಲಿದೆ. ಆ ಕಾಲದ ರಾಜಕೀಯದಲ್ಲಿ ಭಾರತ ಮೂಲದವರ ಪಾಲು ದೊಡ್ಡದು. ಕೇರಳದಲ್ಲಿ ಹುಟ್ಟಿ ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದ್ದ ಜೇಮ್ಸ್ ಪುದುಚೇರಿ, ಮತ್ತು ಕೇರಳ ಮೂಲದ ಕುಟುಂಬದ ದೇವನ್ ನಾಯರ್, ಇಬ್ಬರೂ ಬ್ರಿಟಿಷರ ಜೈಲಿನಲ್ಲಿದ್ದವರು, ಲಿಮ್ ಅವರ ಒಡನಾಡಿಗಳು. ಪಕ್ಷ ಒಡೆದಾಗ ಒಬ್ಬರು ಈಚೆ, ಒಬ್ಬರು ಆಚೆ. ಪುದುಚೇರಿ ಕೋಲ್ಡ್‌ಸ್ಟೋರ್‌ನಲ್ಲಿ ಮತ್ತೆ ಬಂಧಿತರಾಗಿ ಸಿಂಗಪುರದಿಂದ ಹೊರಹಾಕಲ್ಪಟ್ಟರು. ದೇವನ್ ನಾಯರ್ 1981ರಲ್ಲಿ ರಾಷ್ಟ್ರಾಧ್ಯಕ್ಷರಾದರು. ಇಬ್ಬರು ಗೆಳೆಯರ ಈ ಕಥೆಯನ್ನು ಯಾರಾದರೂ ಚಿತ್ರಕಥೆ ಮಾಡಿದರೆ ಅದೂ ಲ್ಯೂ ಅವರದಕ್ಕೆ ಸಾಟಿ ನಿಂತೀತು.

ವುಡ್‌ಲ್ಯಾಂಡ್ಸ್‌ನಲ್ಲಿ ಇರುವವರಿಗೆ ಒಂದು ಅಧ್ಯಾಯವನ್ನು ಬೇರೆಯಾಗಿ ಹೇಳಬೇಕು. ‘ಬುಕಿತ್ ಚಾಪಲಾಂಗ್’ ಕಾಡಿನ ಪ್ರಾಣಿಗಳ ಕಥೆ, ನಮ್ಮ ಪಂಚತಂತ್ರದ ಹಾಗೆ. ಅದರ ವಸ್ತು ಮಲೇಷ್ಯಾದೊಡನೆ ಸಿಂಗಪುರ ಕೂಡಿದ್ದು ಮತ್ತು ಅಗಲಿದ್ದು. 1963ರ ಸೆಪ್ಟೆಂಬರ್ 16ರಿಂದ 1965ರ ಆಗಸ್ಟ್ 9ರವರೆಗೆ, ಇಪ್ಪತ್ತಮೂರು ತಿಂಗಳಿಗೆ ಒಂದು ವಾರ ಕಡಿಮೆ, ನಮ್ಮ ಮನೆಗಳ ಉತ್ತರಕ್ಕಿರುವ ಕಾಸ್‌ವೇ ಒಂದೇ ದೇಶದ ಎರಡು ಊರುಗಳನ್ನು ಜೋಡಿಸುವ ಒಂದು ಕಿಲೋಮೀಟರಿನ ಕಲ್ಲು ಕಟ್ಟೆಯಾಗಿತ್ತು. 1923ರಲ್ಲಿ ಅದರ ಮೇಲೆ ರೈಲು ಓಡತೊಡಗಿದಾಗ ಇತ್ತ ಬರೀ ರಬ್ಬರ್ ತೋಟ. 1942ರ ಜನವರಿ 31ರಂದು ಹಿಮ್ಮೆಟ್ಟುತ್ತಿದ್ದ ಬ್ರಿಟಿಷರೇ ಅದನ್ನು ಸಿಡಿಸಿದರು. ಕೂಡಿಕೆ ಉಳಿದಿದ್ದರೆ ವುಡ್‌ಲ್ಯಾಂಡ್ಸ್ ಇಂದು ಗಡಿಯಾಗದೆ ಜೋಹೊರ್ ಬಾರುವಿನ ಇನ್ನೊಂದು ಬಡಾವಣೆಯಾಗಿರುತ್ತಿತ್ತೇನೋ. ಇಲ್ಲಿ ಪಾಸ್‌ಪೋರ್ಟ್ ತಪಾಸಣೆ ಶುರುವಾದದ್ದು 1967ರಲ್ಲಿ. ಸರಕಾರಿ ಬಹುಮಹಡಿ ಮನೆಗಳು ಎಪ್ಪತ್ತರ ದಶಕದಲ್ಲಿ ಎದ್ದವು. ಅಷ್ಟರಲ್ಲಿ, 1974ರಲ್ಲಿ, ಕಾಸ್‌ವೇಯ ಆಚೆ ಸೆರೆಂಬಾನಿನಲ್ಲಿ ಸಾನಿ ಲ್ಯೂ ಹುಟ್ಟಿದರು. ಬಾಲ್ಯದಲ್ಲೇ ಈಚೆಗೆ ಬಂದು ಇಲ್ಲಿನ ಶಾಲೆಯಲ್ಲಿ ಓದಿದರು. ಸಿಂಗಪುರದ ಈ ಚರಿತ್ರೆಯನ್ನು ಬರೆದವರೂ ನಮ್ಮಂತೆ ಹೊರಗಿನಿಂದ ಬಂದವರೇ.